ಹಣ್ಣು ಕೊಯ್ಯುವ ಕೈಯೂ ಹಣ್ಣು ಕೊಯ್ಯುವ ಯಂತ್ರವೂ

ಮಾಗಿದ ಹಣ್ಣೊಂದನ್ನು ಗಿಡದಿಂದ ತೆಗೆಯುವುದು ಬಹು ಸುಲಭವಾದ ಕೆಲಸವೆಂದು ನಾವೆಲ್ಲರೂ ತಿಳಿದಿರುವೆವು. ಐದು ವರ್ಷದ ಹುಡುಗಿಯೂ ಪೇರಳೆಯ ಗಿಡದ ಕೆಳಗೆ ನಿಂತು, ಯಾವುದು ಕಾಯಿ ಯಾವುದು ಹಣ್ಣು ಎಂದು ನೋಡಿ, ಎಲೆಯನ್ನು ಸರಿಸಿ, ತೊಟ್ಟನ್ನು ತಿರುಚಿ, ಹಣ್ಣನ್ನು ಮಡಿಲಿಗೆ ಹಾಕಿಕೊಳ್ಳುವಳು. ಅವಳಿಗೆ ಇದನ್ನು ಯಾರೂ ಪಾಠವಾಗಿ ಕಲಿಸಿದ್ದಿಲ್ಲ. ಆದರೆ ಚಂದ್ರಲೋಕಕ್ಕೆ ಮನುಷ್ಯನನ್ನು ಕಳುಹಿಸಿ ಕ್ಷೇಮವಾಗಿ ಹಿಂದಕ್ಕೆ ಕರೆತಂದ ಈ ಯಂತ್ರಯುಗವು, ಅರ್ಧ ಶತಮಾನಕ್ಕಿಂತಲೂ ಹೆಚ್ಚು ಕಾಲ ಪ್ರಯತ್ನಿಸಿಯೂ, ಆ ಹುಡುಗಿಗೆ ಸರಿಸಮನಾಗಿ ಹಣ್ಣು ಕೊಯ್ಯುವ ಯಂತ್ರವನ್ನು ಇನ್ನೂ ನಿರ್ಮಿಸಿ ಮುಗಿಸಲಿಲ್ಲ. ಇದು ಹೇಗೆಂಬುದನ್ನೂ, ಇದರಿಂದ ನಮ್ಮ ಸೀಮೆಯವರು ಯೋಚಿಸತಕ್ಕದ್ದೇನೆಂಬುದನ್ನೂ ಈ ಲೇಖನದಲ್ಲಿ ವಿವರಿಸಲು ಯತ್ನಿಸುವೆವು.

ಈ ಸ್ಮರಣ ಸಂಚಿಕೆಯನ್ನು ಓದುವ ಪೂರ್ವವಿದ್ಯಾರ್ಥಿನಿಯರಲ್ಲಿ ಅನೇಕರು ತೋಟದ ಮನೆಗಳಲ್ಲಿ ಹುಟ್ಟಿದವರು. ಅನೇಕರು ತೋಟದ ಮನೆಗಳಿಗೆ ಸೊಸೆಯಂದಿರಾಗಿ ಹೋದವರು. ಆಲಂಕಾರು, ಕಡಬ, ಪುತ್ತೂರು, ಸುಳ್ಯಗಳ ಕಡೆಯಲ್ಲಿ ಕೊಯ್ಲಿನ ಕಾಲ ಬಂತೆಂದರೆ ಮನೆಮನೆಯಲ್ಲಿಯೂ ಕೇಳುವ ಪ್ರಶ್ನೆ ಒಂದೇ: ಮರ ಏರುವವರು ಸಿಕ್ಕಿದರೇ? ಮಕ್ಕಳು ಓದಿ ಮಂಗಳೂರಿಗೂ ಬೆಂಗಳೂರಿಗೂ ಹೊರದೇಶಗಳಿಗೂ ಹೋಗಿರುವರು. ಮರ ಏರುತ್ತಿದ್ದವರ ಮಕ್ಕಳೂ ಓದಿರುವರು. ತಂದೆಯ ಕಸುಬು ಅವರಿಗೆ ಬೇಡವಾಗಿದೆ. ಅದು ಸಂತೋಷಪಡತಕ್ಕ ವಿಷಯವೇ ಹೊರತು ದೂರತಕ್ಕದ್ದಲ್ಲ. ಆದರೆ ಗೊನೆಯು ಮಾಗಿ ನಿಂತಿರುವಾಗ ಕೆಳಗೆ ನಿಂತು ಮೇಲೆ ನೋಡುವ ವೃದ್ಧ ದಂಪತಿಗಳ ಕಷ್ಟವೂ ಸುಳ್ಳಲ್ಲ. ಈ ಮಧ್ಯೆ, ಪರದೇಶಗಳಲ್ಲಿ ಹಣ್ಣು ಕೊಯ್ಯುವ ರೋಬೋಟುಗಳು ಬಂದಿವೆಯಂತೆ, ಇನ್ನು ಆಳುಗಳೇ ಬೇಡವಂತೆ, ಎಂಬ ಸುದ್ದಿಯು ಪತ್ರಿಕೆಗಳ ಮೂಲಕ ನಮ್ಮ ಜಗಲಿಗಳಿಗೂ ತಲುಪಿದೆ.

ಕಳೆದ ಫೆಬ್ರವರಿ ತಿಂಗಳಲ್ಲಿ ನಾವು ಆಲಂಕಾರಿನ ತೋಟವೊಂದರಲ್ಲಿ ಒಂದು ದಿನವಿಡೀ ಕುಳಿತು, ಕೊಯ್ಲಿನ ಕೆಲಸವನ್ನು ಮೊದಲಿಂದ ಕೊನೆಯ ತನಕ ನೋಡಿದೆವು. ಹೊರಗಿನವರಿಗೆ ಅದು ಅಡಿಕೆಯ ತೋಟ. ಒಳಹೊಕ್ಕು ನೋಡಿದರೆ ಅಲ್ಲಿ ನಾಲ್ಕು ತೋಟಗಳು ಒಂದರ ಮೇಲೊಂದಾಗಿ ಇದ್ದುವು. ಎಲ್ಲಕ್ಕಿಂತ ಮೇಲೆ ನಲ್ವತ್ತು ಐವತ್ತು ಅಡಿ ಎತ್ತರದಲ್ಲಿ ಅಡಿಕೆಯ ಗೊನೆಗಳು, ಅಡಿಕೆಯ ಕಾಂಡವನ್ನೇ ಅಪ್ಪಿಕೊಂಡು ಏರಿದ ಒಳ್ಳೆಮೆಣಸಿನ ಬಳ್ಳಿಗಳು, ಅವುಗಳ ನೆರಳಿನಲ್ಲಿ ಕೋಕೊ ಗಿಡಗಳು, ಎಡೆಯೆಡೆಯಲ್ಲಿ ಬಾಳೆ. ಬೇಲಿಯ ಬದಿಯಲ್ಲಿ ಈಚಿನ ವರ್ಷಗಳಲ್ಲಿ ನಮ್ಮ ಕಡೆಗೆ ಬಂದ ರಂಬುಟಾನ್ ಮತ್ತು ಮ್ಯಾಂಗೋಸ್ಟೀನ್ ಗಿಡಗಳೂ ಇದ್ದುವು.

ಇವುಗಳಲ್ಲಿ ಒಂದೊಂದಕ್ಕೂ ಕೈಯ ವಿದ್ಯೆ ಬೇರೆ. ಅಡಿಕೆಯು ನಮ್ಮಲ್ಲಿ ಚಾಲಿಯಾಗಬೇಕಾದುದರಿಂದ ಗೊನೆಯು ಪೂರ್ಣವಾಗಿ ಹಣ್ಣಾಗಿ ಕಿತ್ತಳೆಯ ಬಣ್ಣಕ್ಕೆ ತಿರುಗಿದ ಮೇಲೆ ಕೊಯ್ಯಬೇಕು. ಒಂದು ಮರದ ಗೊನೆಗಳು ಒಂದೇ ಸಲ ಮಾಗುವುದಿಲ್ಲವಾದುದರಿಂದ ವರ್ಷದಲ್ಲಿ ಮೂರು ನಾಲ್ಕು ಸಲ ಅದೇ ಮರವನ್ನು ಏರಬೇಕು. ಒಳ್ಳೆಮೆಣಸಿನ ಗೊಂಚಲಿನಲ್ಲಿ ಒಂದೆರಡು ಕಾಳುಗಳು ಕೆಂಪಾದೊಡನೆ ಕೊಯ್ಯಬೇಕು. ತಡಮಾಡಿದರೆ ಹಕ್ಕಿಯ ಪಾಲಾಗುವುದು, ಅವಸರಪಟ್ಟರೆ ಕಾಳು ಜೊಳ್ಳಾಗುವುದು. ಕೋಕೊವಿನ ಕಾಯಿಯು ಕೊಂಬೆಯ ತುದಿಯಲ್ಲಿರದೆ ಕಾಂಡಕ್ಕೇ ಅಂಟಿಕೊಂಡಿರುವುದು. ಅದರ ತೊಟ್ಟು ಹುಟ್ಟಿದ ಉಬ್ಬಿನಿಂದಲೇ ಮುಂದಿನ ಹೂವುಗಳೂ ಹುಟ್ಟಬೇಕಾದುದರಿಂದ, ಕಾಯನ್ನು ಎಳೆದು ಕೀಳಕೂಡದು. ಹರಿತವಾದ ಕತ್ತಿಯಿಂದ ತೊಟ್ಟನ್ನು ಮಾತ್ರ ಕೊಯ್ದು ಉಬ್ಬನ್ನು ಉಳಿಸಬೇಕು. ರಂಬುಟಾನ್ ಹಣ್ಣು ಕೊಯ್ದ ಮೇಲೆ ಮಾಗುವುದಿಲ್ಲ. ಆದುದರಿಂದ ಗಿಡದಲ್ಲಿಯೇ ಅದರ ಬಣ್ಣವನ್ನು ನೋಡಿ ತೀರ್ಮಾನಿಸಬೇಕು. ಮ್ಯಾಂಗೋಸ್ಟೀನ್ ಕೊಯ್ದ ಮೇಲೂ ಮಾಗುವುದು, ಆದರೆ ಎತ್ತರದಿಂದ ಬಿದ್ದರೆ ಅದರ ಸಿಪ್ಪೆಯು ಪೆಟ್ಟು ತಿಂದಲ್ಲಿ ಕಲ್ಲಿನಂತೆ ಗಟ್ಟಿಯಾಗುವುದು. ನಮ್ಮ ಕಾಟುಮಾವಿನ ಹಣ್ಣನ್ನು ತೊಟ್ಟು ಬಿಡಿಸಿ ಕಿತ್ತರೆ ಸೊನೆಯು ಹರಿದು ಸಿಪ್ಪೆಯ ಮೇಲೆ ಕಪ್ಪು ಕಲೆ ಬೀಳುವುದು. ಹಲಸಿನ ಹಣ್ಣನ್ನು ತಟ್ಟಿ, ಅದರ ಧ್ವನಿಯನ್ನು ಕೇಳಿ, ಮಾಗಿತೋ ಇಲ್ಲವೋ ಎಂದು ಹೇಳುವ ಅಜ್ಜಿಯಂದಿರನ್ನು ನೀವು ನಿಮ್ಮ ಮನೆಗಳಲ್ಲಿಯೇ ಕಂಡಿರುವಿರಿ. ಅವರು ಯಾವ ಶಾಲೆಯಲ್ಲಿಯೂ ಪರೀಕ್ಷೆ ಕೊಟ್ಟವರಲ್ಲ. ಆದರೂ ಅವರ ತಿಳುವಳಿಕೆಯು ಜ್ಞಾನವೇ ಹೌದು.

ಆ ದಿನ ಅಡಿಕೆ ಕೊಯ್ಯಲು ಬಂದವನಿಗೆ ಐವತ್ತೈದು ವರ್ಷಗಳಿಗೆ ಕಡಮೆಯಿರಲಾರದು. ಅವನು ಕಾಲಿಗೆ ತಳೆಯನ್ನು ಹಾಕಿ, ಒಂದು ಗೇಣೂ ದಪ್ಪವಿಲ್ಲದ ಕಾಂಡವನ್ನು ತಬ್ಬಿಕೊಂಡು ಏರಿ, ಗೊನೆಯನ್ನು ಇಳಿಸಿ, ಬಳಿಕ ಆ ಮರವನ್ನೇ ತೂಗಿ ಬಗ್ಗಿಸಿ, ಮಗ್ಗುಲಿನ ಮರವನ್ನು ಹಿಡಿದು ಅದಕ್ಕೆ ದಾಟಿಕೊಂಡನು. ಕೆಳಗೆ ಅಡಿಕೆ ಹೆಕ್ಕುತ್ತಿದ್ದ ಅವನ ಹೆಂಡತಿಯು ಪ್ರತಿ ಸಲ ಅವನು ದಾಟುವಾಗಲೂ ಕೆಲಸವನ್ನು ನಿಲ್ಲಿಸಿ ಮೇಲೆ ನೋಡುತ್ತಿದ್ದಳು. ಅವನು ದಾಟಿದ ಮೇಲೆಯೇ ಅವಳ ಕೈ ಮತ್ತೆ ಓಡುತ್ತಿತ್ತು. ಮೂವತ್ತು ವರ್ಷಗಳಿಂದ ಹೀಗೆಯೇ ನೋಡುತ್ತಿರುವೆನೆಂದು ಅವಳು ನಮಗೆ ಹೇಳಿದಳು. ಮರದಿಂದ ಬಿದ್ದು ಸೊಂಟ ಮುರಿದವರನ್ನೂ ಪ್ರಾಣ ಕಳೆದುಕೊಂಡವರನ್ನೂ ನಮ್ಮ ಸೀಮೆಯಲ್ಲಿ ಅರಿಯದವರಿಲ್ಲ. ಆದುದರಿಂದ ಕೊಯ್ಲಿಗೆ ಯಂತ್ರ ಬೇಕೇ ಎಂಬ ಪ್ರಶ್ನೆಗೆ ಉತ್ತರ ಕೊಡುವಾಗ ಆ ಹೆಂಗಸಿನ ಮುಖವನ್ನು ಮರೆಯಲು ನಮ್ಮಿಂದಾಗದು.

ನಮ್ಮವರು ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. ಹಗುರವಾದ ಇಂಗಾಲದ ನಾರಿನಿಂದ ಮಾಡಿದ ಉದ್ದನೆಯ ದೋಟಿಗಳು ಈಗ ಬಳಕೆಗೆ ಬಂದಿವೆ; ನೆಲದಲ್ಲಿ ನಿಂತೇ ಗೊನೆಯನ್ನು ಕೊಯ್ಯಬಹುದು, ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನೂ ಸಿಂಪಡಿಸಬಹುದು. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕರಾದ ಗಣಪತಿ ಭಟ್ಟರು ಅಡಿಕೆ ಮರವನ್ನು ಏರುವ ಒಂದು ಮೋಟಾರು ಯಂತ್ರವನ್ನು ನಿರ್ಮಿಸಿದರು. 2019ರಲ್ಲಿ ಅದರ ಸುದ್ದಿಯು ದೇಶವೆಲ್ಲ ಹಬ್ಬಿತು. ಸುಮಾರು 28 ಕಿಲೋಗ್ರಾಮ್ ತೂಕದ ಈ ಯಂತ್ರವನ್ನು ಕಾಂಡಕ್ಕೆ ಕಚ್ಚಿಸಿ, ಪೀಠದ ಮೇಲೆ ಕುಳಿತು, ಪಟ್ಟಿಯನ್ನು ಕಟ್ಟಿಕೊಂಡರೆ, ಒಂದು ನಿಮಿಷದೊಳಗೆ ಮನುಷ್ಯನನ್ನು ಮರದ ತುದಿಗೆ ಒಯ್ಯುವುದು. ತೆಂಗಿನ ಮರಕ್ಕೆ ಕಣ್ಣೂರು ಜಿಲ್ಲೆಯ ಚೆಂಬೇರಿಯ ಜೋಸೆಫರು ಕಾಲಿನಿಂದ ಮೆಟ್ಟಿ ಏರುವ ಸಾಧನವನ್ನು ಮೊದಲೇ ಮಾಡಿದ್ದರು. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿಯು ತೆಂಗಿನ ಮರದ ಗೆಳೆಯರು ಎಂಬ ಹೆಸರಿನ ತರಬೇತಿಯನ್ನು ಆರಂಭಿಸಿದಾಗ, ಇಂಥ ಸಾಧನಗಳ ಸಹಾಯದಿಂದ ಹೆಂಗಸರೂ ಮರ ಏರಲು ಕಲಿತರು. ನಮ್ಮ ಅಜ್ಜಿಯಂದಿರು ಇದನ್ನು ಕೇಳಿದ್ದರೆ ಮೂಗಿನ ಮೇಲೆ ಬೆರಳಿಡುತ್ತಿದ್ದರಲ್ಲವೇ?

ಆದರೆ ಇವೊಂದೂ ರೋಬೋಟು ಅಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ದೋಟಿಯು ತೋಳನ್ನು ಉದ್ದಮಾಡಿತು, ಮೋಟಾರು ಯಂತ್ರವು ಕಾಲಿನ ಶ್ರಮವನ್ನು ತಪ್ಪಿಸಿತು. ನೋಡುವವನೂ ತೀರ್ಮಾನಿಸುವವನೂ ಕೊಯ್ಯುವವನೂ ಮನುಷ್ಯನೇ. ರೋಬೋಟು ಎಂಬ ಶಬ್ದವು 1920ರಲ್ಲಿ ಪ್ರಕಟವಾದ ಚೆಕ್ ಭಾಷೆಯ ಒಂದು ನಾಟಕದಿಂದ ಲೋಕಕ್ಕೆ ಬಂದಿತು. ಅದನ್ನು ಬರೆದವರು ಕಾರೆಲ್ ಚಾಪೆಕ್. ಶಬ್ದವನ್ನು ಸೂಚಿಸಿದವರು ಅವರ ಅಣ್ಣ ಯೋಸೆಫ್. ಆ ಭಾಷೆಯಲ್ಲಿ ರೊಬೋಟ ಎಂದರೆ ಒಡೆಯನಿಗೆ ಒಕ್ಕಲು ಮಾಡಬೇಕಾಗಿದ್ದ ಬಿಟ್ಟಿ ಚಾಕರಿ. ಈಗ ಈ ಶಬ್ದವನ್ನು, ಸುತ್ತಲಿನ ಸ್ಥಿತಿಯನ್ನು ತಾನೇ ಅರಿತು, ಅದಕ್ಕೆ ತಕ್ಕಂತೆ ತಾನೇ ಚಲಿಸುವ ಯಂತ್ರಕ್ಕೆ ಹೇಳುವರು. ಕೇರಳದ ಅಮೃತ ವಿಶ್ವವಿದ್ಯಾಪೀಠದವರು ನಿರ್ಮಿಸಿದ ಅಮರನ್ ಎಂಬ ಯಂತ್ರವು ಈ ದಾರಿಯಲ್ಲಿ ಒಂದು ಹೆಜ್ಜೆ ಮುಂದಿರುವುದು. ಅದು ತೆಂಗಿನ ಮರವನ್ನು ಬಳೆಯಂತೆ ಸುತ್ತಿಕೊಂಡು ಏರಿ, ತನ್ನ ಯಂತ್ರದ ತೋಳಿನಿಂದ ಗೊನೆಯನ್ನು ಕತ್ತರಿಸುವುದು. ಅದನ್ನು ನಡೆಸುವವನು ನೆಲದ ಮೇಲೆ ಕ್ಷೇಮವಾಗಿರುವನು. ಅಡಿಕೆ ತೆಂಗುಗಳು ಗಟ್ಟಿಯಾದ ಫಲಗಳು. ಕೋಮಲವಾದ ಹಣ್ಣಿನ ಸಂಗತಿಯೋ ಇನ್ನೂ ಕಠಿನ.

ಕೋಮಲವಾದ ಹಣ್ಣನ್ನು ಕೊಯ್ಯುವ ಯಂತ್ರವು ಮೊದಲು ನೋಡಬೇಕು. ಅದಕ್ಕೆ ಎರಡು ಕಣ್ಣುಗಳ ಹಾಗೆ ಎರಡು ಕೆಮರಾಗಳನ್ನು ಇಟ್ಟು, ಹಣ್ಣು ಎಷ್ಟು ದೂರದಲ್ಲಿದೆಯೆಂದು ಲೆಕ್ಕಹಾಕಿಸುವರು. ಹಣ್ಣು ಯಾವುದು ಎಲೆ ಯಾವುದು ಎಂದು ಕಲಿಸುವುದಕ್ಕಾಗಿ, ಗುರುತು ಮಾಡಿದ ಸಾವಿರಾರು ಚಿತ್ರಗಳನ್ನು ಕಂಪ್ಯೂಟರಿಗೆ ತೋರಿಸುವರು. ಮಕ್ಕಳಿಗೆ ಅಕ್ಷರ ಕಲಿಸಿದಂತೆಯೇ ಇದು, ಆದರೆ ಮಗುವಿಗೆ ಹತ್ತು ಸಲ ತೋರಿಸಿದರೆ ಸಾಕಾಗುವುದು, ಇದಕ್ಕೆ ಹತ್ತು ಸಾವಿರ ಸಲವೂ ಬೇಕಾಗಬಹುದು. ಎಲೆಯ ಮರೆಯಲ್ಲಿ ಅರ್ಧ ಅಡಗಿದ ಹಣ್ಣು, ಹಸಿರು ಎಲೆಗಳ ನಡುವಿನ ಹಸಿರು ಕಾಯಿ, ಗಾಳಿಗೆ ಅಲುಗುವ ನೆರಳು, ಇವು ಯಂತ್ರದ ಕಣ್ಣನ್ನು ಮೋಸಗೊಳಿಸುವುವು. ಎರಡನೆಯದಾಗಿ ಅದು ತೀರ್ಮಾನಿಸಬೇಕು. ಟೊಮೇಟೊ ಮತ್ತು ಸ್ಟ್ರಾಬೆರಿಗಳಲ್ಲಿ ಬಣ್ಣವೇ ಪಕ್ವತೆಯ ಗುರುತಾದುದರಿಂದ ಇದು ಸಾಧ್ಯವಾಯಿತು. ನಮ್ಮ ಹಲಸಿನ ಹಣ್ಣಿಗೆ ಕಣ್ಣು ಸಾಲದು, ಕಿವಿಯೂ ಮೂಗೂ ಬೇಕು. ಮೂರನೆಯದಾಗಿ, ಕೊಂಬೆಗಳಿಗೆ ತಾಗದೆ ತೋಳನ್ನು ಚಾಚಬೇಕು.

ನಾಲ್ಕನೆಯದೇ ಎಲ್ಲಕ್ಕಿಂತ ಕಷ್ಟವಾದದ್ದು: ಹಣ್ಣನ್ನು ಹಿಡಿಯುವುದು. ಸಡಿಲವಾಗಿ ಹಿಡಿದರೆ ಬೀಳುವುದು, ಬಿಗಿಯಾಗಿ ಹಿಡಿದರೆ ಜಜ್ಜುವುದು. ಜಜ್ಜಿದ ಗಾಯವು ಕೊಯ್ದ ಗಳಿಗೆಯಲ್ಲಿ ಕಾಣಿಸದೆ, ಮಾರುಕಟ್ಟೆಗೆ ತಲುಪಿದ ಮೇಲೆ ಕಾಣಿಸುವುದು. ಒಂದು ಹಣ್ಣು ಕೊಳೆತರೆ ಬುಟ್ಟಿಯೇ ಕೆಡುವುದೆಂದು ನೀವು ಬಲ್ಲಿರಿ. ಇದಕ್ಕಾಗಿ ಕೆಲವರು ಗಾಳಿ ತುಂಬಿಸಿದೊಡನೆ ಮೆಲ್ಲಗೆ ಬಾಗುವ ರಬ್ಬರಿನ ಬೆರಳುಗಳನ್ನು ಮಾಡಿದರು. ಕೆಲವರು ಗಾಳಿಯನ್ನು ಹೀರುವ ಕೊಳವೆಯಿಂದ ಹಣ್ಣನ್ನು ಸೆಳೆದುಕೊಂಡರು. ಸ್ಟ್ರಾಬೆರಿಯ ವಿಷಯದಲ್ಲಿಯೋ, ಹಣ್ಣನ್ನು ಮುಟ್ಟದೆಯೇ ಅದರ ತೊಟ್ಟನ್ನು ಹಿಡಿದು ಕತ್ತರಿಸುವ ಉಪಾಯವನ್ನು ಕೆಲವರು ಕಂಡುಕೊಂಡರು. ಐದನೆಯದಾಗಿ, ಮುಂದಿನ ಫಲಕ್ಕೆ ಕೆಡುಕಾಗದಂತೆ ಹಣ್ಣನ್ನು ಬಿಡಿಸಬೇಕು. ಆರನೆಯದಾಗಿ, ಎತ್ತಿ ಹಾಕದೆ ಮೆಲ್ಲಗೆ ಇಡಬೇಕು. ಮನುಷ್ಯನ ಕೈಯು ಈ ಆರು ಕೆಲಸಗಳನ್ನು ಎರಡು ಮೂರು ಕ್ಷಣಗಳಲ್ಲಿ, ಮಗ್ಗುಲಿನವಳೊಡನೆ ಮಾತಾಡುತ್ತಲೇ, ಮಾಡಿ ಮುಗಿಸುವುದು.

ಈ ಪ್ರಯತ್ನದ ಇತಿಹಾಸವು ದೀರ್ಘವಾದದ್ದು. 1968ರಲ್ಲಿಯೇ ಅಮೇರಿಕಾದ ಶೆರ್ಟ್ಸ್ ಮತ್ತು ಬ್ರೌನ್ ಎಂಬವರು ಕಿತ್ತಳೆ ಜಾತಿಯ ಹಣ್ಣುಗಳನ್ನು ಯಂತ್ರದ ಕಣ್ಣಿನಿಂದ ಗುರುತಿಸಿ ಕೊಯ್ಯುವ ಆಲೋಚನೆಯನ್ನು ಮುಂದಿಟ್ಟರು. 1980ರ ದಶಕದಲ್ಲಿ ಫ್ರಾನ್ಸಿನಲ್ಲಿ ಮಾಗಾಲಿ ಎಂಬ ಸೇಬು ಕೊಯ್ಯುವ ಯಂತ್ರವು ಬಂದಿತು. ಕ್ಯಾಲಿಫೋರ್ನಿಯಾದ ಅಬಂಡಂಟ್ ರೊಬೋಟಿಕ್ಸ್ ಎಂಬ ಸಂಸ್ಥೆಯು ಗಾಳಿ ಹೀರುವ ಕೊಳವೆಯ ಯಂತ್ರದಿಂದ 2019ರಲ್ಲಿ ನ್ಯೂಜಿಲೆಂಡಿನ ತೋಟದಲ್ಲಿ ಸೇಬಿನ ಕೊಯ್ಲನ್ನು ನಡೆಸಿ ಎಲ್ಲರನ್ನೂ ಬೆರಗುಗೊಳಿಸಿತು. ಆದರೆ 2021ರಲ್ಲಿ ಆ ಸಂಸ್ಥೆಯು ಮುಚ್ಚಿಹೋಯಿತು. ನಮ್ಮ ಬೆಂಗಳೂರಿನಲ್ಲಿಯೂ ಗ್ರೋಬೋಮ್ಯಾಕ್ ಎಂಬ ಸಂಸ್ಥೆಯವರು ಅರಳಿದ ಹತ್ತಿಯನ್ನು ಮಾತ್ರ ಗುರುತಿಸಿ ಬಿಡಿಸುವ ಯಂತ್ರಕ್ಕಾಗಿ ಶ್ರಮಪಟ್ಟಿರುವರು.

ಇವೆಲ್ಲವುಗಳಲ್ಲಿ ನಮಗೆ ಬಹಳ ಬೋಧಪ್ರದವಾಗಿ ಕಂಡದ್ದು ಯುರೋಪಿನ ಸ್ವೀಪರ್ ಎಂಬ ಯೋಜನೆ. 2015ರಿಂದ 2018ರ ತನಕ ನೆದರ್ಲೆಂಡಿನ ವಾಖೆನಿಂಗೆನ್ ವಿದ್ಯಾಸಂಸ್ಥೆಯ ಮುಂದಾಳುತನದಲ್ಲಿ, ಗಾಜಿನ ಮನೆಯೊಳಗೆ ಬೆಳೆದ ದೊಡ್ಡಮೆಣಸನ್ನು ಕೊಯ್ಯುವ ರೋಬೋಟನ್ನು ನಿರ್ಮಿಸಿದರು. ಒಂದು ಕಾಯಿಯನ್ನು ಕೊಯ್ಯಲು ಅದಕ್ಕೆ ಸರಾಸರಿ 24 ಸೆಕೆಂಡುಗಳು ಹಿಡಿದುವು. ಗಿಡಗಳು ಯಂತ್ರಕ್ಕೆ ಅನುಕೂಲವಾಗಿದ್ದಲ್ಲಿ, ಎಂದರೆ ಎಲೆಗಳ ಮತ್ತು ಗೊಂಚಲುಗಳ ಅಡ್ಡಿಯಿಲ್ಲದಂತೆ ಸರಿಪಡಿಸಿದಾಗ, ನೂರರಲ್ಲಿ 61 ಕಾಯಿಗಳನ್ನು ಅದು ಕೊಯ್ದಿತು. ಬೆಳೆಗಾರನು ಸಾಧಾರಣವಾಗಿ ಬೆಳೆಯುವ ರೀತಿಯಲ್ಲಿಯೇ ಗಿಡಗಳಿದ್ದಾಗ ನೂರರಲ್ಲಿ 18 ಮಾತ್ರ. ಯಂತ್ರವೂ ಅದೇ, ಕಾಯಿಯೂ ಅದೇ, ಬದಲಾದದ್ದು ತೋಟ. ಆದುದರಿಂದಲೇ ಪರದೇಶಗಳಲ್ಲಿ ರೋಬೋಟು ಬರುವ ಮೊದಲು ತೋಟವು ಬದಲಾಗುವುದು. ಸೇಬಿನ ಮರಗಳನ್ನು ಗೋಡೆಯಂತೆ ಚಪ್ಪಟೆಯಾಗಿ ಬೆಳೆಸುವರು. ಸ್ಟ್ರಾಬೆರಿಯ ಗಿಡಗಳನ್ನು ಎದೆಯೆತ್ತರದ ಮೇಜುಗಳ ಮೇಲೆ ಇಟ್ಟು, ಹಣ್ಣುಗಳು ಬದಿಯಿಂದ ಜೋತುಬೀಳುವಂತೆ ಮಾಡುವರು. ಯಂತ್ರವು ತೋಟಕ್ಕೆ ಹೊಂದಬೇಕೋ, ತೋಟವು ಯಂತ್ರಕ್ಕೆ ಹೊಂದಬೇಕೋ ಎಂಬುದೇ ಈ ವಿಷಯದ ತಿರುಳಾದ ಪ್ರಶ್ನೆಯೆಂದು ನಮಗೆ ತೋರುವುದು.

ತೋಟವನ್ನೂ ಹಣ್ಣನ್ನೂ ಯಂತ್ರಕ್ಕೆ ಹೊಂದಿಸಿದುದರ ಫಲವನ್ನು ಲೋಕವು ಒಮ್ಮೆ ಕಂಡಿದೆ. ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯದಲ್ಲಿ ಜ್ಯಾಕ್ ಹ್ಯಾನಾ ಎಂಬ ಸಸ್ಯಶಾಸ್ತ್ರಜ್ಞರೂ ಕೋಬಿ ಲೊರೆಂಜನ್ ಎಂಬ ಇಂಜಿನಿಯರರೂ ಕೂಡಿ, ಟೊಮೇಟೊ ಗಿಡವನ್ನು ಬುಡಸಹಿತ ಕೊಯ್ದು ಅಲುಗಿಸಿ ಹಣ್ಣನ್ನು ಉದುರಿಸುವ ಯಂತ್ರವನ್ನು ನಿರ್ಮಿಸಿದರು. ಮೃದುವಾದ ಹಣ್ಣು ಆ ಪೆಟ್ಟನ್ನು ತಾಳದಾದುದರಿಂದ, ಪೆಟ್ಟು ತಾಳುವ ಗಟ್ಟಿ ಟೊಮೇಟೊವನ್ನೂ ಹ್ಯಾನಾರವರೇ ಬೆಳೆಸಿ ಕೊಟ್ಟರು. ಮೆಕ್ಸಿಕೋ ದೇಶದಿಂದ ಕೂಲಿಗಳನ್ನು ತರಿಸುವ ಏರ್ಪಾಡು 1964ರಲ್ಲಿ ಕೊನೆಗೊಂಡೊಡನೆ ಈ ಯಂತ್ರವು ಎಲ್ಲೆಡೆಯಲ್ಲಿ ಹಬ್ಬಿತು. ಬೆಳೆಯು ಹೆಚ್ಚಿತು, ಖರ್ಚು ಕಡಮೆಯಾಯಿತು. ಆದರೆ ಯಂತ್ರವು ಬಹು ಬೆಲೆಯುಳ್ಳದ್ದಾದುದರಿಂದ ಚಿಕ್ಕ ಬೆಳೆಗಾರರು ಅದನ್ನು ಕೊಳ್ಳಲಾರದೆ ಹೋದರು. 1960ರ ದಶಕದ ಆರಂಭದಲ್ಲಿ ಸುಮಾರು 4000 ಇದ್ದ ಟೊಮೇಟೊ ಬೆಳೆಗಾರರು 1973ರ ವೇಳೆಗೆ ಸುಮಾರು 600ಕ್ಕೆ ಇಳಿದರು. 1970ರ ದಶಕದ ಕೊನೆಗೆ ಸುಮಾರು 32,000 ಕೆಲಸಗಳು ಇಲ್ಲವಾದುವೆಂದು ಅಂದಾಜು ಮಾಡಿದರು. ಕೂಲಿಗಳ ಪರವಾಗಿ 1979ರಲ್ಲಿ ವಿಶ್ವವಿದ್ಯಾಲಯದ ಮೇಲೆಯೇ ವ್ಯಾಜ್ಯವನ್ನು ಹೂಡಿದರು. ಯಂತ್ರವನ್ನು ಮಾಡಿದವರಲ್ಲಿ ದುರುದ್ದೇಶವಿತ್ತೆಂದು ನಾವು ಹೇಳಲಾರೆವು. ಇದರಿಂದ ಯಾರಿಗೆ ಏನಾಗುವುದೆಂದು ಮೊದಲೇ ಯಾರೂ ಕೇಳಲಿಲ್ಲ.

ಈಗ ಪುನಃ ಆಲಂಕಾರಿನ ತೋಟಕ್ಕೆ ಬರುವ. ಮರವನ್ನು ಏರುವ ಮೋಟಾರು ಯಂತ್ರಕ್ಕೆ ಬೋಳಾದ ಕಾಂಡವು ಬೇಕು. ಒಳ್ಳೆಮೆಣಸಿನ ಬಳ್ಳಿಯು ಅಪ್ಪಿಕೊಂಡ ಮರವನ್ನು ಅದು ಏರಲಾರದು. ಯಂತ್ರಕ್ಕಾಗಿ ಬಳ್ಳಿಯನ್ನು ಕಡಿಯುವೆವೇ? ಚಕ್ರದ ಮೇಲೆ ಓಡಾಡುವ ರೋಬೋಟಿಗೆ ಸಮತಟ್ಟಾದ, ಅಡ್ಡಿಯಿಲ್ಲದ ಸಾಲುಗಳು ಬೇಕು. ಅದಕ್ಕಾಗಿ ಕೋಕೊವನ್ನೂ ಬಾಳೆಯನ್ನೂ ತೆಗೆದು, ನೀರು ಹರಿಯುವ ಕಣಿಗಳನ್ನು ಮುಚ್ಚುವೆವೇ? ವರ್ಷಕ್ಕೆ ಸುಮಾರು 4000 ಮಿಲ್ಲಿಮೀಟರ್ ಮಳೆ ಸುರಿಯುವ ಈ ನಾಡಿನಲ್ಲಿ ಕಣಿಗಳಿಲ್ಲದೆ ಅಡಿಕೆಯ ಬೇರು ಉಳಿಯದು. ಅಡಿಕೆಯ ಧಾರಣೆ ಕುಸಿದ ವರ್ಷದಲ್ಲಿ ಮನೆಯನ್ನು ಕಾಪಾಡಿದ್ದು ಒಳ್ಳೆಮೆಣಸು ಎಂದೂ, ಮೆಣಸಿನ ಬಳ್ಳಿಯು ಸೊರಗಿದ ವರ್ಷದಲ್ಲಿ ಕೈಹಿಡಿದದ್ದು ಕೋಕೊ ಎಂದೂ ಆ ತೋಟದ ಯಜಮಾನಿಯು ನಮಗೆ ಹೇಳಿದರು. ಮಕ್ಕಳ ಶಾಲೆಯ ಫೀಸು ಎಷ್ಟೋ ಸಲ ಬಳ್ಳಿಯಿಂದಲೇ ಇಳಿದು ಬಂತಂತೆ. ಒಂದೇ ಬೆಳೆಯನ್ನು ನಂಬಿದ ತೋಟವು ಯಂತ್ರಕ್ಕೆ ಅನುಕೂಲವಾದೀತು, ಮನೆಯವರಿಗೆ ಅಪಾಯವೇ.

ಹಾಗಾದರೆ ಯಂತ್ರವೇ ಬೇಡವೆನ್ನೋಣವೇ? ಮರದ ಕೆಳಗೆ ನಿಂತು ಮೇಲೆ ನೋಡುತ್ತಿದ್ದ ಆ ಹೆಂಗಸಿನ ಮುಂದೆ ಹಾಗೆಂದು ಹೇಳುವ ಧೈರ್ಯ ನಮಗಿಲ್ಲ. ನಮ್ಮ ಅಭಿಪ್ರಾಯದಲ್ಲಿ, ಎತ್ತರದ ಅಪಾಯವನ್ನು ಯಂತ್ರಕ್ಕೆ ಮೊದಲು ಒಪ್ಪಿಸತಕ್ಕದ್ದು. ಮನುಷ್ಯನ ಪ್ರಾಣವನ್ನು ತೆಗೆಯುವ ಕೆಲಸದಲ್ಲಿ ಸಂಪ್ರದಾಯದ ಅಭಿಮಾನವು ಸಲ್ಲದು. ಯಾವ ಹಣ್ಣು ಮಾಗಿತು, ಯಾವ ತೊಟ್ಟನ್ನು ಉಳಿಸಬೇಕು ಎಂಬ ವಿವೇಚನೆಯಾದರೋ ಬಹುಕಾಲ ನಮ್ಮ ಕೈಯಲ್ಲಿಯೇ ಇರುವುದು. ಆ ಕೈಗೆ ತಕ್ಕ ಸಂಬಳವೂ ಮರ್ಯಾದೆಯೂ ದೊರೆಯಬೇಕು. ಮರ ಏರುವ ಕಸುಬಿನಿಂದ ಬಿಡುಗಡೆಯಾದವನಿಗೆ ದೋಟಿಯನ್ನೂ ಯಂತ್ರವನ್ನೂ ನಡೆಸುವ ಕೆಲಸವು ಮೊದಲು ಸಿಗಬೇಕು. ವಿಟ್ಲದಲ್ಲಿ 1956ರಿಂದ ಇರುವ ಅಡಿಕೆಯ ಸಂಶೋಧನಾ ಕೇಂದ್ರದಲ್ಲಿ ಯುವಕರಿಗೆ ಮರ ಏರುವ ಶಿಕ್ಷಣವನ್ನು ಕೊಟ್ಟುದುಂಟು. ಇಂಥ ಶಿಕ್ಷಣವು ಹೆಚ್ಚಬೇಕು.

ಚಿಕ್ಕ ಬೆಳೆಗಾರನು ದೊಡ್ಡ ಬೆಲೆಯ ಯಂತ್ರವನ್ನು ಹೇಗೆ ಕೊಳ್ಳುವನು ಎಂದು ಕೇಳಬಹುದು. ಇದಕ್ಕೆ ಉತ್ತರವನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಅಡಿಕೆಯ ಬೆಲೆ ಕುಸಿದು ಬೆಳೆಗಾರರು ದಿಕ್ಕುಗೆಟ್ಟಿದ್ದಾಗ, ವಾರಣಾಶಿ ಸುಬ್ರಾಯ ಭಟ್ಟರೂ ಅವರ ಜತೆಗಾರರೂ 1973ರಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆಯನ್ನು ಕಟ್ಟಿದರು. 1980ರ ಸುಮಾರಿಗೆ ಕೋಕೊ ಕೊಳ್ಳುವವರಿಲ್ಲದೆ ಜನರು ಗಿಡಗಳನ್ನು ಕಡಿಯುವಂತಾದಾಗ ಅದೇ ಸಂಸ್ಥೆಯು ಕೊಂಡಿತು; 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ತೆರೆಯಿತು. ಒಬ್ಬೊಬ್ಬರಾಗಿ ಮಾಡಲಾರದ್ದನ್ನು ಕೂಡಿ ಮಾಡಿದ ಜನರು ನಮ್ಮವರು. ಒಂದು ಗ್ರಾಮಕ್ಕೆ ಒಂದೆರಡು ಯಂತ್ರಗಳು, ಅವುಗಳನ್ನು ನಡೆಸಲು ನಾಲ್ಕು ಜನ ಶಿಕ್ಷಿತರು, ಎಲ್ಲರಿಗೂ ಸರದಿಯ ಮೇಲೆ ಸೇವೆ: ಇಂಥ ಏರ್ಪಾಡು ಅಸಾಧ್ಯವೆಂದು ನಮಗೆ ತೋರುವುದಿಲ್ಲ.

ಕೊನೆಯದಾಗಿ ನಮ್ಮ ಪೂರ್ವವಿದ್ಯಾರ್ಥಿನಿಯರಿಗೆ ಒಂದು ಮಾತು. ನಿಮ್ಮಲ್ಲಿ ಎಷ್ಟೋ ಮಂದಿ, ಅಥವಾ ನಿಮ್ಮ ಹೆಣ್ಣುಮಕ್ಕಳು, ಇಂಜಿನಿಯರಿಂಗು ಮತ್ತು ಕಂಪ್ಯೂಟರಿನ ವಿದ್ಯೆಗಳನ್ನು ಕಲಿತು ದೂರದ ನಗರಗಳಲ್ಲಿ ದುಡಿಯುತ್ತಿರುವಿರಿ. ನೆದರ್ಲೆಂಡಿನ ಗಾಜಿನ ಮನೆಗಾಗಿ ಮಾಡಿದ ಯಂತ್ರವು ನಮ್ಮ ತೋಟದ ನೆರಳನ್ನೂ ಮಳೆಯನ್ನೂ ಬಳ್ಳಿಯನ್ನೂ ಅರಿಯದು. ಬಳ್ಳಿಯಿರುವ ಮರವನ್ನು ಏರಬಲ್ಲ, ಕೋಕೊವಿನ ಉಬ್ಬನ್ನು ಉಳಿಸಬಲ್ಲ ಯಂತ್ರವನ್ನು ಮಾಡಬೇಕಾದರೆ, ಅದನ್ನು ಮಾಡುವವರು ಬಾಲ್ಯದಲ್ಲಿ ಒಮ್ಮೆಯಾದರೂ ಬೆಳಗಿನ ಮಂಜಿನಲ್ಲಿ ಅಡಿಕೆ ಹೆಕ್ಕಿದವರಾಗಿರಬೇಕು. ಆ ಅನುಭವವು ನಿಮಗುಂಟು. ಮುಂದಿನ ರಜೆಯಲ್ಲಿ ತವರಿಗೆ ಬಂದಾಗ ತೋಟಕ್ಕೆ ಇಳಿಯಿರಿ, ಕೊಯ್ಯುವವರ ಹತ್ತಿರ ಕುಳಿತು, ಅವರ ಬೆರಳುಗಳು ಏನು ಮಾಡುವುವೆಂದು ನೋಡಿರಿ, ಏಕೆ ಹಾಗೆ ಮಾಡುವರೆಂದು ಕೇಳಿರಿ, ಕೇಳಿದ್ದನ್ನು ಬರೆದಿಡಿರಿ. ತಾಯ್ತಂದೆಗಳೇ, ನಿಮ್ಮ ಹುಡುಗಿಯರು ಯಂತ್ರದ ವಿದ್ಯೆಯನ್ನು ಕಲಿಯಬೇಕೆಂದರೆ ತಡೆಯಬೇಡಿರಿ. ಮರದ ಕೆಳಗೆ ನಿಂತ ಹೆಂಗಸು ಮೇಲೆ ನೋಡದೆ ನಿಶ್ಚಿಂತೆಯಿಂದ ಅಡಿಕೆ ಹೆಕ್ಕುವ ದಿನವು ಬರಬೇಕಾಗಿದೆ. ಅದನ್ನು ತರುವವಳು ನಿಮ್ಮ ಮನೆಯಲ್ಲಿಯೇ ಇರಬಹುದು.